ಬೂದಿ ಹಚ್ಚಿದ ಗಡ್ಡೆ

ಶನಿವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಯ ಬಾಗಿಲಲ್ಲಿ ಬಂದು ನಿಂತ ಮನುಷ್ಯ ದೂರು ಕೊಡಲು ಬಂದವನಂತೆ ಕಾಣಲಿಲ್ಲ. ದೂರು ಕೊಡಲು ಬಂದವರಿಗೆ ದಾರಿ ಬಿಟ್ಟು ನಿಂತವನಂತೆ ಕಂಡ. ಹೆಡ್ ಕಾನ್ಸ್‌ಟೇಬಲ್ ಎರಡು ಸಲ “ಏನು?” ಎಂದ ಮೇಲೆಯೇ ಒಳಗೆ ಬಂದದ್ದು. ಈ ಹೆಡ್ ಕಾನ್ಸ್‌ಟೇಬಲ್‌ನನ್ನು ಠಾಣೆಯಲ್ಲಿ ಎಲ್ಲರೂ ಕರೆಯುವುದು ಗಡಿಯಾರ ಎಂದೇ. ಬೆಂಕಿ ಬಿದ್ದರೂ ಮೊದಲು ಎಷ್ಟು ಗಂಟೆಯೆಂದು ಬರೆದುಕೊಂಡು ಆಮೇಲೆ ನೀರು ಹುಡುಕುವ ಆಸಾಮಿ.

“ಸಾರ್, ಅಸಹಜ ಸಾವು ಅಂತ ನಿನ್ನೆ ಸಂಜೆ ಆಸ್ಪತ್ರೆಯಿಂದ ಚೀಟಿ ಬಂತಲ್ಲ, ಆ ಹೆಣ್ಣುಮಗಳ ಕಡೆಯವರಂತೆ,” ಎಂದು ಗಡಿಯಾರ ಅವನನ್ನು ಇನ್ಸ್‌ಪೆಕ್ಟರ ಮುಂದೆ ಕೂರಿಸಿದ.

ಯಾವ ಕಡೆಯವನು ಎಂದು ಹೇಳಲು ಅವನಿಗೇ ಕಷ್ಟವಾಯಿತು. ಗಂಡ ಎನ್ನುವ ಹಾಗಿಲ್ಲ, ನೆಂಟ ಎನ್ನುವ ಹಾಗೂ ಇಲ್ಲ. ಪೇಟೆಯ ಕೊನೆಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ಸತ್ತವಳು ಆರು ವರ್ಷದಿಂದ ಅಲ್ಲೇ ಕೆಲಸಕ್ಕಿದ್ದಳು, ಕಣ್ಣಿನ ಪರೀಕ್ಷೆಯ ಅಕ್ಷರದ ಹಲಗೆಯ ಪಕ್ಕ ನಿಂತು “ಈಗ ಕೆಳಗಿನ ಸಾಲು ಓದಿ” ಎನ್ನುವವಳು. ವಯಸ್ಸು ಮೂವತ್ತೆಂಟು. ಗುರುವಾರ ಹನ್ನೊಂದು ಗಂಟೆಗೆ ನೋಂದಣಿ ಕಚೇರಿಯಲ್ಲಿ ಇಬ್ಬರ ಮದುವೆ ಆಗಬೇಕಿತ್ತು. ಅವಳು ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಸತ್ತಳು.

“ಯಾರ ಮೇಲಾದ್ರೂ ಅನುಮಾನ ಇದೆಯಾ?” ಇನ್ಸ್‌ಪೆಕ್ಟರು ಕೇಳಿದರು.

“ಇಲ್ಲ ಸಾರ್.”

“ಮತ್ತೆ ದೂರು ಯಾರ ಮೇಲೆ?”

“ಇದು ಮೂರನೇ ಸಲ. ಎರಡು ತಿಂಗಳ ಹಿಂದೆ ಒಂದು ದಿನ ಗೊತ್ತು ಮಾಡಿದ್ವಿ. ಹಿಂದಿನ ಸಂಜೆ ಅವಳಿಗೆ ವಾಂತಿ ಶುರುವಾಯ್ತು. ಹೋದ ತಿಂಗಳು ಇನ್ನೊಂದು ದಿನ. ಆಗಲೂ ಹಾಗೇ. ಈ ಸಲ ಸತ್ತೇ ಹೋದ್ಲು. ಒಂದು ಸಲ ಆದ್ರೆ ಗ್ರಹಚಾರ ಅನ್ನಬಹುದು...”

“ಗುರುವಾರ ನೀವು ಫೋನ್ ಮಾಡ್ಲಿಲ್ವಾ?”

“ಮಾಡ್ದೆ. ಅವಳ ಅಕ್ಕ ಎತ್ತಿದ್ರು. ಅವಳಿಗೆ ಮನಸ್ಸಿಲ್ಲ, ಬಾಯಿಬಿಟ್ಟು ಹೇಳೋಕಾಗದೆ ಒದ್ದಾಡ್ತಿದಾಳೆ, ಬಿಟ್ಟುಬಿಡಿ ಅಂದ್ರು. ನಾನು ಬಿಟ್ಟುಬಿಟ್ಟೆ ಸಾರ್. ಹೋಗಿ ಅಂಗಡಿ ಬಾಗಿಲು ತೆಗೆದು ಕೂತೆ. ನಿನ್ನೆ ಶವಾಗಾರದ ಮುಂದೆ ಅಕ್ಕ ಎಲ್ಲರೆದುರಿಗೂ ಅಂದ್ರು, ನಿನ್ನ ಕಾಟ ತಡೀಲಾರದೆ ವಿಷ ತಿಂದಳು ಅಂತ. ಅವಳು ನನ್ನ ಬೇಡ ಅಂತ ಸತ್ತಳಾ? ಅದೊಂದು ಗೊತ್ತಾಗ್ಬೇಕು ಸಾರ್. ಬೇರೇನೂ ಬೇಡ.”

ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇನ್ಸ್‌ಪೆಕ್ಟರು ಎಂತೆಂಥವರನ್ನೋ ನೋಡಿದ್ದರು. ಯಾರು ಕೊಂದರು ಎಂದು ಕೇಳಿದವರಿದ್ದರು, ಬಿಡಬೇಡಿ ಸಾರ್ ನೇಣು ಹಾಕಿಸಿ ಎಂದವರಿದ್ದರು. ಇಂಥ ಪ್ರಶ್ನೆ ಹಿಡಿದುಕೊಂಡು ಬಂದವನು ಇವನೇ ಮೊದಲು. ಇದನ್ನು ಎಫ್‌ಐಆರ್‌ನ ಯಾವ ಕಾಲಮ್ಮಿನಲ್ಲಿ ಬರೆಯುವುದು ಎಂದು ಅವರಿಗೆ ತಿಳಿಯಲಿಲ್ಲ.

ದೂರಿಗೆ ಸಹಿ ಹಾಕಿದ ಮೇಲೆ ಆತ ಎದ್ದವನು ಹಾಗೇ ನಿಂತ. “ನಿಮ್ಮ ಕನ್ನಡಕ ಎಡಕ್ಕೆ ಇಳಿದಿದೆ ಸಾರ್,” ಎಂದು ಕೈ ಚಾಚಿದ. ಇನ್ಸ್‌ಪೆಕ್ಟರು ತೆಗೆದುಕೊಟ್ಟರು. ಎರಡೂ ಹೆಬ್ಬೆರಳಿನಿಂದ ಕಡ್ಡಿಯನ್ನು ಮೆಲ್ಲಗೆ ಒತ್ತಿ ಸರಿಮಾಡಿ, ಅಂಗಿಯ ತುದಿಯಲ್ಲಿ ಗಾಜು ಒರೆಸಿ ವಾಪಸ್ ಕೊಟ್ಟ.

ಅವನು ಅತ್ತ ಹೋದದ್ದೇ ಗಡಿಯಾರ ಇತ್ತ ಬಂದ. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಯಾರೂ ಕರೀದೆ ತಾನಾಗೇ ಬಂದಿದಾನೆ ಸಾರ್. ದಿನಾ ಮಧ್ಯಾಹ್ನ ಇಬ್ಬರೂ ಅಂಗಡೀಲೇ ಒಟ್ಟಿಗೆ ಊಟ ಬೇರೆ.”

“ಹಾಗಾದ್ರೆ ಅಲ್ಲಿಂದಲೇ ಶುರು ಮಾಡಿ,” ಎಂದರು ಇನ್ಸ್‌ಪೆಕ್ಟರು.

ಅಲ್ಲಿ ಶುರುವಾದದ್ದು ಅಲ್ಲೇ ಮುಗಿಯಿತು. ಬುಧವಾರ ಮಧ್ಯಾಹ್ನ ಇಬ್ಬರೂ ಹಂಚಿಕೊಂಡು ತಿಂದದ್ದು ಒಂದೇ ಡಬ್ಬಿ, ಅವನಿಗೇನೂ ಆಗಿರಲಿಲ್ಲ. ಸಂಜೆ ಆರಕ್ಕೆ ಅವಳು ಅಂಗಡಿಯಿಂದ ಹೊರಟಾಗ ಪಕ್ಕದ ಬೇಕರಿಯವಳು ಮಾತಾಡಿಸಿದ್ದಳು. “ನಗ್ತಾ ಇದ್ಲು. ನಾಳೆ ಕೇಕ್ ಇಟ್ಟಿರು, ಬರ್ತಾ ತಗೊಂಡು ಹೋಗ್ತೀವಿ ಅಂದ್ಲು,” ಎಂದು ಹೇಳಿ ಬೇಕರಿಯವಳು ಮುಖ ತಿರುಗಿಸಿಕೊಂಡಳು.

ಆಸ್ಪತ್ರೆಯ ವೈದ್ಯೆಗೆ ಸುತ್ತಿ ಬಳಸಿ ಮಾತಾಡಲು ಬಿಡುವಿರಲಿಲ್ಲ. “ಗುರುವಾರ ಮಧ್ಯಾಹ್ನ ಮೂರಕ್ಕೆ ತಂದ್ರು. ಅಷ್ಟು ಹೊತ್ತಿಗೆ ದೇಹದಲ್ಲಿ ನೀರೂ ಇಲ್ಲ, ಲವಣವೂ ಇಲ್ಲ. ಎರಡು ತಿಂಗಳಲ್ಲಿ ಮೂರು ಸಲ ಹೀಗೆ ವಾಂತಿ ಆದ್ರೆ ಹೃದಯ ಎಷ್ಟು ಅಂತ ತಡೆಯುತ್ತೆ? ಬೆಳಿಗ್ಗೇನೇ ತಂದಿದ್ರೆ ಉಳೀತಿದ್ಲೋ ಏನೋ.”

“ತಿಂದದ್ದೇನು?”

“ಅಕ್ಕ ಹೇಳಿದ್ದು ಬುಧವಾರ ರಾತ್ರಿ ಈರುಳ್ಳಿ ಸೂಪು ಅಂತ. ವಾಂತಿಯಲ್ಲಿ ಸಿಕ್ಕ ಚೂರು ನೋಡೋಕೆ ಈರುಳ್ಳಿ ಹಾಗೇ ಇದೆ. ಈರುಳ್ಳಿ ಅಲ್ಲ ಅಂತ ನನ್ನ ಅನುಮಾನ. ಪ್ರಯೋಗಾಲಯಕ್ಕೆ ಕಳಿಸಿದೀನಿ, ಸೋಮವಾರ ಗೊತ್ತಾಗುತ್ತೆ.”

ಮಧ್ಯಾಹ್ನ ಹನ್ನೆರಡೂವರೆಗೆ ಇನ್ಸ್‌ಪೆಕ್ಟರು, ಗಡಿಯಾರ ಮತ್ತು ಒಬ್ಬ ಮಹಿಳಾ ಕಾನ್ಸ್‌ಟೇಬಲ್ ಅಕ್ಕತಂಗಿಯರ ಮನೆಗೆ ಹೋದರು. ಕೆಳಗೆ ದರ್ಜಿಯ ಅಂಗಡಿ, ಅದರ ಮೇಲೆ ಇವರ ಎರಡು ಕೋಣೆ, ಅದರ ಮೇಲೆ ತಾರಸಿ. ಕಿರಿದಾದ ಮೆಟ್ಟಿಲು, ನಡುವೆ ಒಂದು ತಿರುವು. ಅಕ್ಕ ಬಾಗಿಲು ತೆಗೆದಳು. ಐವತ್ತೊಂದು ವಯಸ್ಸು, ಗಟ್ಟಿ ಕೈಗಳು, ಉಗುರಿನ ಸಂದಿಯಲ್ಲಿ ಮಣ್ಣು. ಮನೆ ಕನ್ನಡಿಯ ಹಾಗಿತ್ತು. ಅವಳು ಅಳುತ್ತಿರಲಿಲ್ಲ. ಅತ್ತ ಗುರುತೂ ಇರಲಿಲ್ಲ.

“ವಿಷ ತಗೊಂಡ್ಲು ಅಂದ್ರಂತೆ. ಎಲ್ಲಿ ಸಿಕ್ತು?”

“ಎಲ್ಲಿ ಸಿಕ್ತು ಅಂದ್ರೆ? ಮೇಲಿದೆಯಲ್ಲ ಸಾರ್, ಬೇಕಾದಷ್ಟು. ಬನ್ನಿ, ತೋರಿಸ್ತೀನಿ.”

ತಾರಸಿಯ ತುಂಬ ಮಣ್ಣಿನ ಕುಂಡಗಳು. ಅರವತ್ತಕ್ಕೆ ಕಡಿಮೆಯಿಲ್ಲ. ಒಂದರಲ್ಲೂ ಹಸಿರಿನ ಸುಳಿವಿಲ್ಲ. ಬಿಸಿಲಿಗೆ ಬಿರುಕು ಬಿಟ್ಟ ಒಣ ಮಣ್ಣು, ಪ್ರತಿ ಕುಂಡದ ನಡುವೆ ಕಂದು ಸಿಪ್ಪೆಯ ಗಡ್ಡೆಯೊಂದು ಕತ್ತನ್ನೂ ಹೆಗಲನ್ನೂ ಹೊರಗಿಟ್ಟು ಕೂತಿತ್ತು.

“ಇವೆಲ್ಲ ಸತ್ತುಹೋಗಿವೆಯಲ್ಲಮ್ಮ,” ಎಂದ ಗಡಿಯಾರ.

“ಛೀ, ಬಿಡ್ತು ಅನ್ನಿ! ನಿದ್ದೆ ಮಾಡ್ತಿವೆ.” ಅಕ್ಕನ ದನಿಗೆ ಈಗ ಜೀವ ಬಂತು. ಲಿಲ್ಲಿ ಜಾತಿಯ ಗಡ್ಡೆಗಳಂತೆ ಅವು. ಚಳಿಯಲ್ಲಿ ಎಲೆ, ಬೇಸಿಗೆ ಬಂತೆಂದರೆ ಎಲೆಯೆಲ್ಲ ಹಳದಿಯಾಗಿ ಉದುರಿ ನಿದ್ದೆ. ಆಗ ಒಂದು ತೊಟ್ಟು ನೀರು ಹಾಕುವಂತಿಲ್ಲ. ಬಿಸಿಲು ಕಾಯಿಸಿ ಕಾಯಿಸಿ ಕೊನೆಗೊಂದು ದಿನ ಬೋಳು ಮಣ್ಣಿನಿಂದ ಮೊಳದುದ್ದದ ದಂಟು ಎದ್ದು, ಎಲೆಯೇ ಇಲ್ಲದೆ ತುದಿಯಲ್ಲಿ ಗುಲಾಬಿ ಬಣ್ಣದ ಹೂ. “ಪ್ರೀತಿ ಹೆಚ್ಚಾದ್ರೆ ಸಾಯ್ತವೆ ಸಾರ್. ಅಯ್ಯೋ ಒಣಗ್ತಿದೆ ಅಂತ ನೀರು ಸುರಿದು ಸುರಿದು ಕೊಳೆಸೋರೇ ಜಾಸ್ತಿ. ಹೂವಿನಂಗಡಿಯವರು ನನ್ನ ಹತ್ರಾನೇ ಯಾಕೆ ಬರ್ತಾರೆ ಹೇಳಿ? ಸುಮ್ಮನಿರೋಕೆ ಬರಬೇಕು.”

“ಇದು ವಿಷವಾ?”

“ಗಡ್ಡೆ ಪೂರ್ತಿ ವಿಷ. ಇಲಿ ಕೂಡ ಮೂಸಿ ನೋಡಲ್ಲ. ಅವಳಿಗೂ ಗೊತ್ತಿತ್ತು. ಬೇಡದ ಮದುವೆ, ಬೇಡ ಅನ್ನೋಕೆ ಬಾಯಿಲ್ಲ. ಪ್ರತಿ ಸಲ ಚೂರು ತಿಂದು ಮಲಗೋಳು. ಈ ಸಲ ಹೆಚ್ಚು ತಿಂದ್ಲು.”

ಕೇಳಿದರೆ ಎಲ್ಲವೂ ಸರಿಹೊಂದುವಂತಿತ್ತು. ಮೂರು ಸಲದ ಕಾಯಿಲೆಗೂ ಉತ್ತರ ಸಿಕ್ಕಿತು, ಸಾವಿಗೂ ಸಿಕ್ಕಿತು. ಇನ್ಸ್‌ಪೆಕ್ಟರಿಗೆ ಕನ್ನಡಕದವನ ಮುಖ ನೆನಪಾಯಿತು. ಹೌದಪ್ಪ, ನಿನ್ನ ಬೇಡ ಅಂತಲೇ ಸತ್ತಳು ಎಂದು ಒಬ್ಬ ಮನುಷ್ಯನಿಗೆ ಹೇಳುವುದು ಹೇಗೆ?

“ನಿಮ್ಮ ತಂಗೀನೂ ಇವನ್ನ ನೋಡ್ಕೋತಿದ್ರಾ?” ಮಹಿಳಾ ಕಾನ್ಸ್‌ಟೇಬಲ್ ಕೇಳಿದಳು. ಅವಳಿಗೆ ಗಿಡದ ಹುಚ್ಚು, ಠಾಣೆಯ ಕಿಟಕಿಯಲ್ಲಿರುವ ಎರಡು ಕುಂಡವೂ ಅವಳವೇ.

“ಅವಳಾ? ಸೊನೆ ತಾಗಿದ್ರೆ ಕೈಯೆಲ್ಲ ಕೆರೆತ ಅವಳಿಗೆ. ಹುಟ್ಟಿದಾಗಿಂದ ಒಂದು ಕುಂಡಕ್ಕೂ ಕೈ ಹಚ್ಚಿದವಳಲ್ಲ. ಹೂ ಬಿಟ್ಟಾಗ ಮಾತ್ರ ಮೇಲೆ ಬಂದು, ಎಲ್ಲಿ ನಿನ್ನ ಬೋಳುರಾಣಿಯರು ಅಂತ ರೇಗಿಸೋಳು.”

“ನಮ್ಮ ಅತ್ತೆ ಸಲಿಕೆ ತಾಗಿಸಿ ಒಂದು ಲಿಲ್ಲಿ ಗಡ್ಡೆ ಅರ್ಧ ಸೀಳಿಬಿಟ್ರು. ಕಿತ್ತು ಬಿಸಾಕಿದ್ವಿ.”

“ಅಯ್ಯೋ ಪಾಪಿಗಳಾ!” ಅಕ್ಕ ನಿಜಕ್ಕೂ ನೊಂದುಕೊಂಡಳು. “ಬುಡ ಗಟ್ಟಿಯಿದ್ರೆ ಅದು ಸಾಯಲ್ಲ ಕಣಮ್ಮ. ಗಾಯಕ್ಕೆ ಸೌದೆ ಬೂದಿ ಹಚ್ಚಿ ನೆರಳಲ್ಲಿ ಒಣಗೋಕೆ ಬಿಡ್ಬೇಕು. ವಾರದಲ್ಲಿ ಚಕ್ಕೆ ಕಟ್ಟುತ್ತೆ. ಆಮೇಲೆ ನೆಟ್ರೆ ಬದುಕುತ್ತೆ. ಹೂ ಬಿಡೋಕೆ ಮಾತ್ರ ಎರಡು ಮೂರು ವರ್ಷ ಮುನಿಸು. ಇರ್ಲಿ ಬಿಡು, ಮುನಿಸು ತಾನೇ? ಬದುಕಿರುತ್ತಲ್ಲ!”

ತಂಗಿಗಾಗಿ ತೇವವಾಗದ ಕಣ್ಣು ಯಾರದೋ ಅತ್ತೆ ಸೀಳಿದ ಗಡ್ಡೆಗಾಗಿ ತೇವವಾದದ್ದನ್ನು ಇನ್ಸ್‌ಪೆಕ್ಟರು ನೋಡಿದರು. ಅದರಿಂದ ಯಾವ ತೀರ್ಮಾನಕ್ಕೂ ಬರಲಿಲ್ಲ. ಕೆಲವರಿಗೆ ಅಳು ನೇರ ದಾರಿಯಲ್ಲಿ ಬರುವುದೇ ಇಲ್ಲ.

ಕೆಳಗೆ ದರ್ಜಿ ಇವರಿಗಾಗಿಯೇ ಕಾದಿದ್ದ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಇದ್ದರೂ ಕಾಲು ತುಳಿಯುತ್ತಿರಲಿಲ್ಲ. ಎರಡು ಇಪ್ಪತ್ತಕ್ಕೆ ಅವನ ಹೇಳಿಕೆ ತೆಗೆದುಕೊಂಡರು.

“ಗುರುವಾರ ಬೆಳಿಗ್ಗೆ ಒಂಬತ್ತೂವರೆ ಇರಬೇಕು ಸಾರ್. ಮೆಟ್ಟಿಲ ಮೇಲೆ ಧೊಪ್ ಅಂತ ಸದ್ದು. ಓಡಿಹೋಗಿ ನೋಡಿದ್ರೆ ತಿರುವಿನಲ್ಲಿ ಆ ತಂಗಿ ಕೂತಿದೆ. ಕೂತಿರೋದಲ್ಲ, ಬಿದ್ದಿರೋದು.”

“ಯಾವ ಬಟ್ಟೆಲಿದ್ರು?”

“ಹೊಸದು, ನಾನೇ ಹೊಲಿದದ್ದು. ತಲೆ ಬಾಚಿತ್ತು, ಕಾಲಲ್ಲಿ ಚಪ್ಪಲಿ ಇತ್ತು, ಹೆಗಲಿಗೆ ಚೀಲ. ಮುಖ ಮಾತ್ರ ಸುಣ್ಣ. ‘ಅಣ್ಣಾ, ಒಂದು ಗಾಡಿ ಕರೀರಿ, ಹನ್ನೊಂದಕ್ಕೆ ಹೋಗ್ಬೇಕು’ ಅಂತು. ಆಸ್ಪತ್ರೆಗಾ ಅಂದೆ. ಅಲ್ಲ, ನೋಂದಣಿ ಕಚೇರಿಗೆ ಅಂತು ಸಾರ್. ಅಷ್ಟರಲ್ಲಿ ಅಕ್ಕ ಇಳಿದು ಬಂದ್ರು. ಮಗು ಎತ್ತಿದ ಹಾಗೆ ಎತ್ಕೊಂಡ್ರು. ಅವಳಿಗೆ ಇದು ಮಾಮೂಲು, ನೀವು ಹೋಗಿ, ಮಲಗಿದ್ರೆ ಸರಿಹೋಗುತ್ತೆ ಅಂದ್ರು. ನಾನು ಬಂದು ಗುಂಡಿ ಹಚ್ಚೋಕೆ ಕೂತೆ.” ದರ್ಜಿ ಮೂಗು ಒರೆಸಿಕೊಂಡ. “ಗಾಡಿ ಕರೀಬೇಕಿತ್ತು ಸಾರ್ ನಾನು. ಯಾವ ಕಡೆಗಾದ್ರೂ ಆಗ್ಲಿ, ಕರೀಬೇಕಿತ್ತು.”

ಜೀಪಿನಲ್ಲಿ ಕೂತ ಮೇಲೆ ಗಡಿಯಾರನೇ ಬಾಯಿಬಿಟ್ಟ. “ಸಾರ್, ಮದುವೆ ತಪ್ಪಿಸ್ಕೊಳ್ಳೋಕೆ ವಿಷ ತಿಂದೋಳು ಚಪ್ಪಲಿ ಹಾಕ್ಕೊಂಡು ಮದುವೆಗೆ ಯಾಕೆ ಹೊರಡ್ತಾಳೆ?”

“ತಿಂದ ಮೇಲೆ ಮನಸ್ಸು ಬದಲಾಗಿರಬಹುದು,” ಎಂದರು ಇನ್ಸ್‌ಪೆಕ್ಟರು. ನ್ಯಾಯಾಲಯದಲ್ಲಿ ವಕೀಲರು ಅದನ್ನೇ ಹೇಳುತ್ತಾರೆಂದು ಅವರಿಗೆ ಗೊತ್ತಿತ್ತು. “ನನ್ನ ತಲೆ ತಿಂತಿರೋದು ಬೇರೆ. ಅವಳೇ ಕೊಯ್ದುಕೊಂಡು ತಿಂದಳು ಅಂದ್ಕೊಳ್ಳೋಣ. ಮಿಕ್ಕ ಗಡ್ಡೆ ಎಲ್ಲಿ? ಸಾಯೋಕೆ ಹೊರಟವರು ಅದನ್ನ ಬಚ್ಚಿಡ್ತಾರಾ?”

ಸೋಮವಾರ ಹನ್ನೊಂದಕ್ಕೆ ಪ್ರಯೋಗಾಲಯದ ವರದಿ ಬಂತು. ವಾಂತಿಯ ಚೂರು ಈರುಳ್ಳಿಯದಲ್ಲ, ಲಿಲ್ಲಿ ಜಾತಿಯ ಗಡ್ಡೆಯದು. ಜೊತೆಗೆ ಅದರ ವಿಷದ ಅಂಶ. ಹನ್ನೆರಡೂಕಾಲಿಗೆ ದರ್ಜಿಯನ್ನೂ ಬೇಕರಿಯವಳನ್ನೂ ಪಂಚರನ್ನಾಗಿ ಕರೆದುಕೊಂಡು ಮನೆಯ ಶೋಧನೆ ಶುರುವಾಯಿತು.

ಅಡುಗೆಮನೆಯಲ್ಲಿ ಏನೂ ಸಿಗಲಿಲ್ಲ. ಈರುಳ್ಳಿ ಬುಟ್ಟಿಯಲ್ಲಿ ಇದ್ದದ್ದು ಈರುಳ್ಳಿಯೇ. ತಾರಸಿಯಲ್ಲಿ ಕುಂಡಗಳ ಸಾಲನ್ನು ಒಂದೊಂದಾಗಿ ನೋಡುತ್ತ ಹೋದರು. ಅಕ್ಕ ಕೈಕಟ್ಟಿಕೊಂಡು ಹಿಂದೆ ಹಿಂದೆಯೇ ಬಂದಳು. “ನಿಧಾನ, ಕತ್ತು ಹಿಡೀಬೇಡಿ,” ಎಂದು ಎರಡು ಸಲ ಹೇಳಿದಳು. ನೀರಿನ ತೊಟ್ಟಿಯ ಕೆಳಗೆ, ಸದಾ ನೆರಳಿರುವ ಜಾಗದಲ್ಲಿ, ಮಹಿಳಾ ಕಾನ್ಸ್‌ಟೇಬಲ್ ಮೊಣಕಾಲೂರಿ ಬಗ್ಗಿದಳು. ಒಂದು ಬಿರುಕು ಬಿಟ್ಟ ಪಿಂಗಾಣಿ ತಟ್ಟೆ ಹೊರಬಂತು. ಅದರ ಮೇಲೆ ಮುಷ್ಟಿಗಾತ್ರದ ಗಡ್ಡೆ. ಒಂದು ಪಕ್ಕದಿಂದ ಐದಾರು ಪದರ ಸರಾಗವಾಗಿ ಕೊಯ್ದಿತ್ತು. ಸಲಿಕೆ ತಾಗಿದ್ದಲ್ಲ, ಹರಿತವಾದ ಚಾಕುವಿನ ಕೆಲಸ. ಗಾಯದ ತುಂಬ ನುಣ್ಣಗೆ ಜರಡಿ ಹಿಡಿದ ಬೂದಿ.

ಗಡಿಯಾರ ವಾಚು ನೋಡಿ ಪಂಚನಾಮೆಯಲ್ಲಿ ಬರೆದುಕೊಂಡ. ಮಹಿಳಾ ಕಾನ್ಸ್‌ಟೇಬಲ್ ಕೈಗವಸು ಹಾಕಿ, ಗಡ್ಡೆಯನ್ನು ಎತ್ತಿ ಎಲ್ಲ ಮಗ್ಗುಲಿನಿಂದಲೂ ಫೋಟೋ ತೆಗೆಸಿ, ತಟ್ಟೆಯಲ್ಲಿ ವಾಪಸ್ ಇಟ್ಟಳು.

“ಹಾಗಲ್ಲ, ಹಾಗಲ್ಲ.” ಅಕ್ಕನ ಕೈ ಎಲ್ಲರ ನಡುವಿನಿಂದ ಬಂತು. ಗಡ್ಡೆಯನ್ನು ಎರಡು ಬೆರಳಿನಿಂದ ಹಿಡಿದು ಮೆಲ್ಲಗೆ ಮಗ್ಗುಲು ತಿರುಗಿಸಿದಳು. “ಗಾಯ ಮೇಲೆ ಬರಬೇಕು. ಕೆಳಗಾದ್ರೆ ಬೆವರುತ್ತೆ, ದಿನಕ್ಕೊಂದು ಸಲ ನೋಡ್ತಿರಬೇಕು, ಬೂದಿ ಉದುರಿದ್ರೆ...”

ಅಲ್ಲಿಗೆ ಮಾತು ನಿಂತಿತು. ಕೈ ಇನ್ನೂ ಗಡ್ಡೆಯ ಮೇಲೆಯೇ ಇತ್ತು. ದರ್ಜಿ ಬೇರೆ ಕಡೆ ನೋಡಿದ.

“ಬೂದಿ ಯಾವಾಗ ಹಚ್ಚಿದ್ದು?” ಇನ್ಸ್‌ಪೆಕ್ಟರು ಕೇಳಿದರು.

ಅಕ್ಕನ ಹೆಬ್ಬೆರಳು ಉದುರಿದ ಬೂದಿಯನ್ನು ಮತ್ತೆ ಗಾಯಕ್ಕೆ ಒತ್ತಿತು.

“ನಿಮ್ಮ ತಂಗಿ ಕುಂಡಕ್ಕೆ ಕೈ ಹಚ್ಚಿದವಳಲ್ಲ ಅಂದ್ರಿ. ಸಾಯೋಕೆ ಹೊರಟವಳು ಮಿಕ್ಕಿದ್ದಕ್ಕೆ ಔಷಧ ಮಾಡಿ ನೆರಳಲ್ಲಿ ಇಟ್ಟು ಹೋದಳಾ?”

“ಇಲ್ಲ.”

“ಯಾರು ಕೊಯ್ದದ್ದು?”

ಅಕ್ಕ ಗಡ್ಡೆಯಿಂದ ಕೈ ತೆಗೆದಳು. “ನಾನೇ,” ಎಂದಳು. ಅಷ್ಟು ಹೇಳಿದ್ದೇ ತಡ, ಮೂರು ದಿನದಿಂದ ಎಲ್ಲಿತ್ತೋ ಆ ಅಳು, ತಾರಸಿಯ ಸುಡುವ ನೆಲದ ಮೇಲೆ ಕುಸಿದು ಕೂತು ಹಾಗೇ ಅತ್ತಳು. ಬೇಕರಿಯವಳು ಒಂದು ಹೆಜ್ಜೆ ಮುಂದೆ ಬಂದವಳು ಮತ್ತೆ ಹಿಂದೆ ಸರಿದಳು.

ಇನ್ನೆರಡು ಗಡ್ಡೆಗಳನ್ನು ಅವಳೇ ತೋರಿಸಿದಳು. ಮೂಲೆಯ ಎರಡು ಕುಂಡದಲ್ಲಿದ್ದವು. ಹೊರಗೆ ಕಾಣುವ ಹೆಗಲಿನಲ್ಲಿ ಒಂದೊಂದು ತಗ್ಗು, ಮೇಲೆ ಚಕ್ಕೆ ಕಟ್ಟಿತ್ತು, ಸಂದಿಯಲ್ಲಿ ಬೂದಿಯ ಗೆರೆ ಇನ್ನೂ ಇತ್ತು. ಮೊದಲನೆಯದು ಎರಡು ತಿಂಗಳ ಹಿಂದಿನದು, ಇನ್ನೊಂದು ಹೋದ ತಿಂಗಳಿನದು. ಎರಡೂ ಬದುಕಿದ್ದವು. ಮೂರನ್ನೂ ವಶಪಡಿಸಿಕೊಂಡು ಮೊಹರು ಮಾಡಿದರು.

ಸ್ವ-ಇಚ್ಛಾ ಹೇಳಿಕೆ ತೆಗೆದುಕೊಂಡದ್ದು ಅಡುಗೆಮನೆಯ ಮೇಜಿನ ಹತ್ತಿರ. ಮಹಿಳಾ ಕಾನ್ಸ್‌ಟೇಬಲ್ ನೀರು ಕೊಟ್ಟಳು. ಗಡಿಯಾರ ಬರೆಯುತ್ತ ಹೋದ.

“ಕೊಲ್ಲಬೇಕು ಅಂತಿತ್ತಾ?”

“ಅಯ್ಯೋ, ನನ್ನ ನಾಲಿಗೆ ಬಿದ್ದುಹೋಗ್ಲಿ. ಉಳಿಸ್ಕೋಬೇಕು ಅಂತಿತ್ತು.”

“ಮದುವೆ ಯಾಕೆ ಬೇಡವಾಗಿತ್ತು? ಅವನು ಕೆಟ್ಟವನಾ?”

“ಕೆಟ್ಟವನಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಸಾರ್. ಬೈದು ಓಡಿಸ್ತಿದ್ದೆ.”

“ಹೋಗ್ತಿದ್ದದ್ದು ಮೂರು ಬೀದಿ ಆಚೆಗೆ ಅಷ್ಟೇ. ದಿನಾ ಬರಬಹುದಿತ್ತಲ್ಲ?”

“ಮೂರು ಬೀದಿ ನಿಮಗೆ.”

ಅವ್ವ ಸತ್ತಾಗ ತಂಗಿಗೆ ಆರು ವರ್ಷ, ಇವಳಿಗೆ ಹತ್ತೊಂಬತ್ತು. ಅಪ್ಪ ಅದಕ್ಕೂ ಮುಂಚೆಯೇ ಇರಲಿಲ್ಲ. ಜಡೆ ಹೆಣೆದವಳು ಇವಳು, ಶಾಲೆಗೆ ಬಿಟ್ಟವಳು ಇವಳು, ಪಕ್ಕದಲ್ಲಿ ಮಲಗಿಸಿಕೊಂಡವಳು ಇವಳು. ಜನ ಅಕ್ಕ ಎಂದರೆ ಹೀಗಿರಬೇಕು ಎಂದರು. ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸಿದರು. ಆ ಹುಡುಗಿ ದೊಡ್ಡವಳಾದ ಮೇಲೆ ಇವಳು ಏನಾಗಬೇಕು ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ.

“ಮೊದಲ ಸಲ ಹೇಗೆ ಹೊಳೀತು?”

“ನಾಳೆ ಮದುವೆ ಅಂತ ಕುಣೀತಾ ಇದ್ಲು. ಒಂದು ದಿನ ಮುಂದೆ ಹೋಗ್ಲಿ, ಒಂದೇ ದಿನ ಅಂತ ಅನ್ನಿಸ್ತು. ಸೂಪಿಗೆ ಒಂದು ಚೂರು ಹಾಕ್ದೆ. ಕಹಿ ಅಂದ್ಲು, ಈರುಳ್ಳಿ ಸೀದಿದೆ ಅಂದೆ. ರಾತ್ರಿಯೆಲ್ಲ ನನ್ನ ತೊಡೆ ಮೇಲೆ ಮಲಗಿದ್ಲು. ಅಕ್ಕಾ, ಎಲ್ಲೂ ಹೋಗ್ಬೇಡ ಅಂದ್ಲು. ಅವಳು ಹಾಗಂದು ಎಷ್ಟು ವರ್ಷ ಆಗಿತ್ತು ಗೊತ್ತಾ ನಿಮಗೆ? ನಂಗೆ...” ಅವಳು ತಲೆ ತಗ್ಗಿಸಿದಳು. “ಹೇಳಬಾರದು ಸಾರ್. ಸಂತೋಷ ಆಯ್ತು ನಂಗೆ.”

ಗಡಿಯಾರ ಬರೆಯುವುದನ್ನು ನಿಲ್ಲಿಸಿ ಇನ್ಸ್‌ಪೆಕ್ಟರ ಮುಖ ನೋಡಿದ. ಬರೆ ಎಂದು ಅವರು ಕಣ್ಣಲ್ಲೇ ಹೇಳಿದರು.

“ಎರಡನೇ ಸಲ?”

“ಅವನಿಗೇ ಬೇಜಾರು ಬಂದು ಬಿಟ್ಟುಹೋಗ್ಲಿ ಅಂತ. ಗಂಡಸು ಎಷ್ಟು ಸಲ ಅಂತ ಕಾಯ್ತಾನೆ?”

“ಈ ಸಲ ಯಾಕೆ ಅಷ್ಟು ಹೆಚ್ಚು?”

“ಇದೇ ಕೊನೇ ಸಲ, ಈ ಸಲವೂ ನೀನು ಬರ್ಲಿಲ್ಲ ಅಂದ್ರೆ ನಾನಿನ್ನು ಕೇಳಲ್ಲ ಅಂತ ಅವನು ಅಂದಿದ್ನಂತೆ. ಅವಳೇ ಬಂದು ಹೇಳಿದ್ಲು. ಏನೇ ಆಗ್ಲಿ ಅಕ್ಕಾ, ತೆವಳಿಕೊಂಡಾದ್ರೂ ಹೋಗ್ತೀನಿ ಅಂದ್ಲು. ಅವಳ ಹಟ ನಂಗೆ ಗೊತ್ತಲ್ಲ, ನಾನೇ ಸಾಕಿದ್ದು. ಅದಕ್ಕೇ ಏಳೋಕೇ ಆಗದ ಹಾಗೆ ಹಾಕಿದೆ.” ಅವಳ ಕೈ ಮೇಜಿನ ಮೇಲೆ ಏನನ್ನೋ ಹುಡುಕಿತು. “ಆದ್ರೂ ಎದ್ಲು. ಅರ್ಧ ಮೆಟ್ಟಿಲು ಇಳಿದುಬಿಟ್ಟಿದ್ಲು.”

“ಆಗಲೇ ಆಸ್ಪತ್ರೆಗೆ ಯಾಕೆ ಕರ್ಕೊಂಡು ಹೋಗ್ಲಿಲ್ಲ?”

“ಹೋದ ಸಲ ಎರಡು ದಿನಕ್ಕೆ ಸರಿಹೋಗಿತ್ತು. ಇದೂ ಹೋಗುತ್ತೆ ಅಂದ್ಕೊಂಡೆ. ಗಡ್ಡೆ ಎಷ್ಟು ಕೊಯ್ದರೆ ತಡ್ಕೊಳ್ಳುತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು ಸಾರ್. ಅವಳು ಎಷ್ಟು ತಡ್ಕೋತಾಳೆ ಅಂತ ಗೊತ್ತಾಗ್ಲಿಲ್ಲ.”

ಸಂಜೆ ನಾಲ್ಕು ಹತ್ತಕ್ಕೆ ಅವಳನ್ನು ಬಂಧಿಸಿದರು. ಬೀದಿಯಲ್ಲಿ ಜನ ಸೇರಿದ್ದರು. ಮೊನ್ನೆ ಕನ್ನಡಕದವನಿಗೆ ಬೈದವರೇ ಇವತ್ತು ಇವಳಿಗೆ ಬೈದರು. ಕಲ್ಲು ಹುಡುಕುತ್ತಿದ್ದ ಒಬ್ಬನನ್ನು ದರ್ಜಿ ಹಿಡಿದು ನಿಲ್ಲಿಸಿದ. ಮೆಟ್ಟಿಲಿನ ತಿರುವಿನಲ್ಲಿ ಅಕ್ಕ ಗೋಡೆ ಹಿಡಿದು ಒಂದು ಕ್ಷಣ ನಿಂತಳು. ಮಹಿಳಾ ಕಾನ್ಸ್‌ಟೇಬಲ್ ತೋಳು ಹಿಡಿದು ಇಳಿಸಿಕೊಂಡು ಬಂದಳು.

ಕೊಲೆಗಾರರನ್ನು ನೋಡಿದರೆ ಇನ್ಸ್‌ಪೆಕ್ಟರಿಗೆ ಸಿಟ್ಟು ಬರುತ್ತಿತ್ತು, ಇವತ್ತೂ ಬಂದಿತ್ತು. ಮೂರು ಸಲ ಅದೇ ಕೈಯಿಂದ ಸೂಪು ಕುಡಿಸಿ, ಅದೇ ಕೈಯಿಂದ ಬಾಯಿ ಒರೆಸಿದ ಹೆಂಗಸು. ಆದರೆ ಆ ಸಿಟ್ಟು ಜೀಪಿನಲ್ಲಿ ಅವಳ ಪಕ್ಕ ಕೂತು ಬರುವಷ್ಟರಲ್ಲಿ ಎಲ್ಲೋ ಸೋರಿಹೋಯಿತು. ತುಂಬ ಸುಸ್ತಾಗಿತ್ತು ಅವರಿಗೆ.

ಮಂಗಳವಾರ ಬೆಳಿಗ್ಗೆ ಕನ್ನಡಕದವನನ್ನು ಕರೆಸಿದರು. ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು. ಕ್ಷೌರವಿಲ್ಲದೆ ಗಡ್ಡ ಬೆಳೆದಿತ್ತು. ಇನ್ಸ್‌ಪೆಕ್ಟರು ಕುರ್ಚಿಯನ್ನು ಮೇಜಿನ ಆಚೆಯಿಂದ ಎಳೆದು ಅವನ ಪಕ್ಕದಲ್ಲೇ ಹಾಕಿಕೊಂಡು ಕೂತರು.

“ನೀವು ಒಂದು ಮಾತು ಕೇಳಿದ್ರಿ,” ಎಂದರು. “ಗುರುವಾರ ಬೆಳಿಗ್ಗೆ ಅವರು ಹೊಸ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು, ಚೀಲ ತಗೊಂಡು ಮೆಟ್ಟಿಲು ಇಳಿದಿದ್ರು. ನಿಲ್ಲೋಕೂ ಶಕ್ತಿ ಇರ್ಲಿಲ್ಲ. ಬಿದ್ದ ಮೇಲೂ ಗಾಡಿ ಕರೀರಿ, ನೋಂದಣಿ ಕಚೇರಿಗೆ ಹೋಗ್ಬೇಕು ಅಂದ್ರಂತೆ. ನೋಡಿದವರಿದ್ದಾರೆ. ಹೇಳಿಕೆ ಇದೆ. ಅವರು ನಿಮ್ಮ ಹತ್ರ ಬರೋಕೆ ಹೊರಟಿದ್ರು.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿತ್ತು. ಗಡಿಯಾರ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದ. ಬಹಳ ಹೊತ್ತಿನ ಮೇಲೆ ಕೈ ತೆಗೆದಾಗ ಅವನ ಮುಖದಲ್ಲಿ ದುಃಖ ಹಾಗೇ ಇತ್ತು, ಶನಿವಾರ ಇದ್ದ ಅವಮಾನ ಇರಲಿಲ್ಲ.

“ಬರ್ತಿದ್ಲು,” ಎಂದ ತನಗೇ ಎಂಬಂತೆ. ಆಮೇಲೆ ಕೇಳಿದ, “ಎರಡು ಸಲ ಬದುಕಿದ್ಲಲ್ಲ ಸಾರ್. ಈ ಸಲ ಯಾಕೆ ಹೆಚ್ಚು ಹಾಕಿದ್ರು?”

ಗಡಿಯಾರನ ಪೆನ್ನು ನಿಂತಿತು. ಮೇಜಿನ ಮೇಲೆ ಫೈಲು ಇತ್ತು. ಅದರಲ್ಲಿ ಅವನಾಡಿದ ಮಾತು ಅವನದೇ ಶಬ್ದಗಳಲ್ಲಿ ಇತ್ತು: ಇದೇ ಕೊನೇ ಸಲ, ನಾನಿನ್ನು ಕೇಳಲ್ಲ. ಬೇಸತ್ತ ಯಾವ ಮನುಷ್ಯನಾದರೂ ಆಡಿಬಿಡುವ ಮಾತು.

“ಅಳತೆ ತಪ್ಪಿತು,” ಎಂದರು ಇನ್ಸ್‌ಪೆಕ್ಟರು.

ಅವನು ತಲೆಯಾಡಿಸಿದ. ಸಹಿ ಹಾಕಬೇಕಾದ ಕಡೆ ಸಹಿ ಹಾಕಿ, ಕೈಮುಗಿದು ಹೊರಗೆ ಹೋದ. ಗಡಿಯಾರ ಕಿಟಕಿಯಿಂದ ಅವನು ಬೀದಿ ದಾಟುವುದನ್ನೇ ನೋಡಿದ.

“ಸಾರ್, ಕೋರ್ಟಲ್ಲಿ ಹೇಳಿಕೆ ಓದ್ತಾರೆ. ಅವನೂ ಕೂತಿರ್ತಾನೆ.”

“ಗೊತ್ತು.”

“ಆವಾಗ ಗೊತ್ತಾಗೇ ಆಗುತ್ತಲ್ಲ ಸಾರ್.”

“ಆಗ್ಲಿ,” ಎಂದರು ಇನ್ಸ್‌ಪೆಕ್ಟರು, ಫೈಲು ಮುಚ್ಚುತ್ತ. “ಕೇಸು ವಿಚಾರಣೆಗೆ ಬರೋಕೆ ಆರು ತಿಂಗಳಾದ್ರೂ ಬೇಕು. ಅಲ್ಲೀವರೆಗಾದ್ರೂ ನಿದ್ದೆ ಮಾಡ್ಲಿ, ಪಾಪ.”